ಬಾಯ್ಲರಿಗೆ ವಿಮೆ ಮಾಡಿಸಿದ್ದು

ನಮ್ಮ ಮನೆಗೆ ಯಾರಾದರೂ ಬಂದರೆ ನಾನು ಅವರಿಗೆ ಮೊದಲು ತೋರಿಸುವುದು ಬಚ್ಚಲುಮನೆಯನ್ನು. ನಗಬೇಡಿ. ಬೇರೆಯವರು ಹೊಸ ಸೋಫಾ ತೋರಿಸುತ್ತಾರೆ, ಬಾಲ್ಕನಿಯ ಮೂಲೆಯಿಂದ ಕತ್ತು ಚಾಚಿದರೆ ಕಾಣುವ ಒಂದು ಚೂರು ಸಮುದ್ರ ತೋರಿಸುತ್ತಾರೆ, ಮಗಳನ್ನು ಕರೆದು ಕೀಬೋರ್ಡ್ ನುಡಿಸಲು ಹೇಳುತ್ತಾರೆ. ನಾನು ಮಾತ್ರ ಬಂದವರು ಚಪ್ಪಲಿ ಬಿಡುತ್ತಿದ್ದಂತೆ ಬಚ್ಚಲಿಗೆ ಕರೆದೊಯ್ದು, "ನೋಡಿ, ಇದು ನೀಲಿ ನಲ್ಲಿ, ಇದು ಕೆಂಪು ನಲ್ಲಿ. ಬೇಸಿಗೆಯಲ್ಲಿ ಇಲ್ಲಿ ನೀಲಿಯೇ ಬಿಸಿ, ಕೆಂಪೇ ತಂಪು. ಈಗ ನೀವು ಹೇಳಿ, ಬಿಸಿ ಯಾವುದು?" ಎಂದು ಕೇಳಿ, ಸರಿಯುತ್ತರ ಬಂದ ಮೇಲೆಯೇ ಹೊರಗೆ ಬಿಡುತ್ತೇನೆ. ಮೂವತ್ತು ವರ್ಷದಿಂದ ಕುವೈತಿನಲ್ಲೇ ಇರುವವರಿಗೂ ಈ ಪರೀಕ್ಷೆಯಿಂದ ವಿನಾಯಿತಿ ಇಲ್ಲ. ಬಂದವರು ನನ್ನ ಹೆಂಡತಿ ಗ್ರೇಸಿಯ ಮುಖ ನೋಡುತ್ತಾರೆ. ಗ್ರೇಸಿ ಆಸ್ಪತ್ರೆಯಲ್ಲಿ ನರ್ಸು. ರೋಗಿಯ ಕಡೆಯವರಿಗೆ ಸಮಾಧಾನ ಹೇಳುವ ಧ್ವನಿಯಲ್ಲಿ, "ಇವರು ಹಾಗೆಯೇ, ನೀವು ಬನ್ನಿ, ಚಹಾ ಆರ್ತದೆ" ಎನ್ನುತ್ತಾಳೆ.

ಗಲ್ಫ್ ಕಾಣದವರಿಗೆ ಈ ಕೆಂಪು ನೀಲಿಯ ಗೊಂದಲವನ್ನು ಬಿಡಿಸಿ ಹೇಳಬೇಕು. ಇಲ್ಲಿ ನೀರಿನ ಟಾಂಕಿ ಕಟ್ಟಡದ ತಾರಸಿಯ ಮೇಲೆ ಬಿಸಿಲಲ್ಲಿ ಕುಳಿತಿರುತ್ತದೆ. ಜೂನ್, ಜುಲೈ ತಿಂಗಳಲ್ಲಿ ಅದರೊಳಗಿನ ನೀರು ಎಷ್ಟು ಕಾಯುತ್ತದೆಂದರೆ, ತಣ್ಣೀರಿನ ನಲ್ಲಿ ತಿರುಗಿಸಿದರೆ ಬರುವ ನೀರಿಗೆ ಕೈಯೊಡ್ಡಲು ಆಗುವುದಿಲ್ಲ. ಬಾಯ್ಲರ್ ಇರುವುದು ಮನೆಯೊಳಗೆ, ಬಚ್ಚಲಿನ ಫಾಲ್ಸ್ ಸೀಲಿಂಗಿನ ಮೇಲೆ, ಎ.ಸಿ.ಯ ನೆರಳಿನಲ್ಲಿ. ಆದ್ದರಿಂದ ಬೇಸಿಗೆ ಕಾಲಿಡುತ್ತಿದ್ದಂತೆ ನಾವೆಲ್ಲ ಬಾಯ್ಲರಿನ ಸ್ವಿಚ್ ಆರಿಸಿಬಿಡುತ್ತೇವೆ. ಅದರ ಹೊಟ್ಟೆಯಲ್ಲಿ ನಿಂತ ನೀರು ನಿಧಾನಕ್ಕೆ ತಣಿದು ಕೆಂಪು ನಲ್ಲಿಯಲ್ಲಿ ಬರುತ್ತದೆ. ಹೀಗೆ ಬಿಸಿನೀರಿಗೆಂದು ಕೊಂಡ ಯಂತ್ರದಿಂದ ಅರ್ಧ ವರ್ಷ ತಣ್ಣೀರು ಮೀಯುವವರು ನಾವು. ಊರಿಗೆ ಹೋದಾಗ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಗಲ್ಫಿನವರ ಬಡಾಯಿ ಎಂದುಕೊಳ್ಳುತ್ತಾರೆ.

ನಾನು ಇದನ್ನು ಕಲಿತದ್ದು ಅಬ್ಬಾಸಿಯಾದ ಬ್ಯಾಚುಲರ್ ರೂಮಿನಲ್ಲಿ. ಆರು ಮಂದಿ ಇದ್ದೆವು, ಎಲ್ಲ ಮಂಗಳೂರಿನ ಆಸುಪಾಸಿನವರು. ಊರಿನಿಂದ ಹೊಸಬ ಬಂದರೆ ನೀರಿನ ವಿಷಯ ಯಾರೂ ಬಾಯಿ ಬಿಡಬಾರದು ಎಂಬುದು ಆ ರೂಮಿನ ಕಟ್ಟಳೆ. ಅವನು ಟವೆಲ್ ಹೆಗಲಿಗೆ ಹಾಕಿ ಬಚ್ಚಲಿಗೆ ಹೋಗುತ್ತಿದ್ದಂತೆ ಉಳಿದವರೆಲ್ಲ ಚಹಾದ ಗ್ಲಾಸು ಹಿಡಿದು ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲುವುದು. ಒಳಗಿನಿಂದ ಕೂಗು ಬಂದಾಗ, "ಯಲ್ಲಾ, ಇವನ ಇಕಾಮಾ ಆಯ್ತು" ಎಂದು ಚಪ್ಪಾಳೆ ತಟ್ಟುವುದು. ಸರಕಾರ ಕೊಡುವ ವಾಸದ ಪರವಾನಗಿಗಿಂತ ಈ ಇಕಾಮಾವೇ ನಮಗೆ ದೊಡ್ಡದು. ನನ್ನದೂ ಹಾಗೆಯೇ ಆಯಿತು. ಸೋಪು ಹಚ್ಚಿದ ತಲೆಯಲ್ಲೇ ಹೊರಗೆ ಓಡಿ ಬಂದಿದ್ದೆ. ಅನಂತರ ಎಷ್ಟೋ ವರ್ಷ ನಾನೂ ಗ್ಲಾಸು ಹಿಡಿದು ಆ ಬಾಗಿಲಲ್ಲಿ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇನೆ. ಇದನ್ನು ಯಾಕೆ ಹೇಳಿದೆನೆಂದರೆ, ಆ ನೀಲಿ ನಲ್ಲಿಯ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ನನ್ನ ಕೆಲಸ ಶರ್ಕಿನ ಒಂದು ಗೋಪುರದ ಹನ್ನೊಂದನೇ ಮಹಡಿಯಲ್ಲಿರುವ ವಿಮಾ ಕಂಪನಿಯಲ್ಲಿ. ಅಪಘಾತವಾಯಿತು, ಬೆಂಕಿ ಬಿತ್ತು, ಪೈಪು ಒಡೆಯಿತು ಎಂದು ಬರುವ ಅರ್ಜಿಗಳನ್ನು ಓದಿ, ಪಾಲಿಸಿಯ ಕೊನೆಯ ಪುಟದ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅದು ಬರುತ್ತದೋ ಇಲ್ಲವೋ ಎಂದು ನೋಡುವುದು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವನಿಗೆ ಎಲ್ಲಿ ನೋಡಿದರೂ ಅನಾಹುತವೇ ಕಾಣುತ್ತದೆ. ಫ್ಯಾನಿನ ಕೆಳಗೆ ಮಲಗುವಾಗ ಫ್ಯಾನು ಬೀಳುವುದು ಕಾಣುತ್ತದೆ. ಮದುವೆಮನೆಗೆ ಹೋದರೆ ಪೆಂಡಾಲಿನ ವೈರು ಕಾಣುತ್ತದೆ. ಗ್ರೇಸಿ, "ನೀವು ಸ್ವರ್ಗಕ್ಕೆ ಹೋದರೂ ಬಾಗಿಲಲ್ಲಿ ನಿಂತು ಷರತ್ತು ಓದ್ತೀರಿ" ಎನ್ನುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ.

ಬಾಡಿಗೆ ಮನೆಯಲ್ಲಿ ಬಾಯ್ಲರ್ ಕೊಡುವುದು ಮಾಲೀಕನ ಜವಾಬ್ದಾರಿ. ನಮ್ಮದು ತೊಟ್ಟಿಕ್ಕಲು ಶುರುವಾದಾಗ ಕಟ್ಟಡದ ಕಾವಲುಗಾರ, ಈಜಿಪ್ಟಿನವನು, ಬಂದು ನೋಡಿ ಅದಕ್ಕೆ ಏನೋ ಮೆತ್ತಿ ಹೋದ. ಮೂರನೆಯ ಸಲ ಮೆತ್ತಿದಾಗ ನಾನು ಸಿಟ್ಟಾಗಿ, ನಾನೇ ಹೊಸದು ತರುತ್ತೇನೆ ಎಂದು ಘೋಷಿಸಿದೆ. ನಿಜವಾದ ಕಾರಣ ಬೇರೆ ಇತ್ತು. ಡಿಸೆಂಬರಿನಲ್ಲಿ ಅಮ್ಮ ಬರುವವಳಿದ್ದಳು.

ಅಮ್ಮನನ್ನು ನಾವು ಮಾಂಯ್ ಎಂದು ಕರೆಯುವುದು. ಕಿನ್ನಿಗೋಳಿಯಲ್ಲಿ ನನ್ನ ತಮ್ಮ ವಿಲ್ಲಿಯ ಸಂಸಾರದ ಜೊತೆ ಇದ್ದಳು. ನಾನು ಕುವೈತಿಗೆ ಬಂದು ಇಷ್ಟು ವರ್ಷವಾದರೂ ಅವಳು ಒಮ್ಮೆಯೂ ಬಂದಿರಲಿಲ್ಲ. ಒಮ್ಮೆ ಸಂಬಳ ಸಾಲದು, ಒಮ್ಮೆ ಮನೆ ಸಾಲದು, ಆಮೇಲೆ ವಿಸಿಟ್ ವೀಸಾವೇ ನಿಂತುಹೋಗಿತ್ತು. ಮತ್ತೆ ಕೊಡುತ್ತಾರಂತೆ ಎಂಬ ಸುದ್ದಿ ಬಂದದ್ದೇ ನಾನು ಓಡಾಡತೊಡಗಿದೆ. ಅಮ್ಮನಿಗೆ ಸುಖವೆಂದರೆ ಬಿಸಿನೀರಿನ ಸ್ನಾನ. ನಾವು ಸಣ್ಣವರಿದ್ದಾಗ ಶನಿವಾರ ಸಂಜೆ ನಮ್ಮ ಬಚ್ಚಲಿನಲ್ಲಿ ತಾಮ್ರದ ಹಂಡೆಯ ಕೆಳಗೆ ತೆಂಗಿನ ಮಡಲು ಚಟಚಟ ಉರಿಯುತ್ತಿತ್ತು. ಮರುದಿನ ಚರ್ಚಿನ ಪೂಜೆಗೆ ನಾಲ್ಕು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, ತೆಂಗಿನ ನಾರಿನಿಂದ ತಿಕ್ಕಿ, ನಮ್ಮ ಚರ್ಮದ ಜೊತೆ ಪಾಪವನ್ನೂ ತೆಗೆದು ಕಳಿಸುತ್ತಿದ್ದಳು. ಕೊನೆಗೆ ಅವಳ ಸರದಿ. ಆ ಹೊತ್ತಿಗೆ ಹಂಡೆಯಲ್ಲಿ ಉಳಿಯುತ್ತಿದ್ದದ್ದು ತಳದ ಉಗುರುಬೆಚ್ಚಗಿನ ನೀರು. ಅಮ್ಮ ಒಮ್ಮೆಯಾದರೂ ತುಂಬಿದ ಬಿಸಿನೀರಿನಲ್ಲಿ ಯಾರ ಅವಸರವೂ ಇಲ್ಲದೆ ಮೀಯಬೇಕು ಎಂಬುದು ನನ್ನ ಮನಸ್ಸಿನಲ್ಲಿ ಎಷ್ಟೋ ವರ್ಷದಿಂದ ಇತ್ತು. ಗ್ರೇಸಿಗೂ ಇದನ್ನು ಹೇಳಿರಲಿಲ್ಲ, ನಕ್ಕರೆ ಎಂದು.

ಹಾಗೆ ಬಾಯ್ಲರ್ ಹುಡುಕಿಕೊಂಡು ಶುವೈಖ್ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆ. ಅಲ್ಲಿ ಗ್ಯಾರೇಜುಗಳ ನಡುವೆ ಪೈಪು, ನಲ್ಲಿ, ಬಾಯ್ಲರ್ ಮಾರುವ ಅಂಗಡಿಯೊಂದರಲ್ಲಿ ಹಮೀದಾಕ ಇದ್ದಾರೆ. ಉಪ್ಪಿನಂಗಡಿ ಕಡೆಯ ಬ್ಯಾರಿ. ಅರಬಿಯಲ್ಲಿ ಚೌಕಾಶಿ ಮಾಡಿ, ಹಿಂದಿಯಲ್ಲಿ ಲೆಕ್ಕ ಹೇಳಿ, ನಮ್ಮಂಥವರು ಸಿಕ್ಕಿದರೆ ಕನ್ನಡದಲ್ಲಿ ಬುದ್ಧಿ ಹೇಳುವವರು.

"ಮನೆಯಲ್ಲಿ ಎಷ್ಟು ಜನ ಉಂಟು?" ಎಂದು ಕೇಳಿದರು.

"ಮೂರು. ಡಿಸೆಂಬರಿನಲ್ಲಿ ನಾಲ್ಕು. ಅಮ್ಮ ಬರ್ತಾರೆ."

"ಹಾಗಾದರೆ ಐವತ್ತು ಲೀಟರಿನದ್ದು ಬೇಕಾದಷ್ಟಾಯ್ತು."

"ಎಂಬತ್ತರದ್ದು ಹಾಕಿದರೆ?"

"ಎಂಬತ್ತನ್ನು ನಿಮ್ಮ ಸೀಲಿಂಗ್ ತಡೀಬೇಕಲ್ಲ ಮಾರಾಯ್ರೆ. ಮೀಯುವವರ ತಲೆ ಮೇಲೆ ಬಿದ್ರೆ ಖಲಾಸ್."

ನನಗೆ ಅಷ್ಟು ಸಾಕಾಯಿತು. ಆ ದೃಶ್ಯವನ್ನು ನಾನು ಪೂರ್ತಿಯಾಗಿ ಕಂಡೆ. ಐವತ್ತು ಲೀಟರಿಗೆ ಒಪ್ಪಿದೆನಾದರೂ ಮೂರು ಶನಿವಾರ ಅವರ ತಲೆ ತಿಂದೆ. ಒಳಗಿನ ಟಾಂಕಿಗೆ ಲೇಪ ಯಾವುದು, ನೀರು ಹೆಚ್ಚು ಕಾದರೆ ತಾನಾಗಿ ಆರುತ್ತದೆಯೇ, ಒತ್ತಡ ಹೆಚ್ಚಾದರೆ ಬಿಡುವ ವಾಲ್ವ್ ಯಾವ ದೇಶದ್ದು, ಇಟಲಿಯದು ಎಂದು ಬರೆದದ್ದು ನಿಜವಾಗಿ ಇಟಲಿಯದೋ ಪೆಟ್ಟಿಗೆ ಮಾತ್ರ ಇಟಲಿಯದೋ. ಮೂರನೆಯ ಶನಿವಾರ ಹಮೀದಾಕ ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಂಡು, "ಸರ್, ನೀವು ಬಾಯ್ಲರ್ ತೆಗೊಳ್ಳುವುದಾ, ಮಗಳಿಗೆ ಹುಡುಗ ನೋಡುವುದಾ?" ಎಂದರು. ನನ್ನ ಮಗಳು ಶೆರಿಲ್‌ಗೆ ಆಗ ಹನ್ನೊಂದು ವರ್ಷ. ಜೊತೆಗೆ ಬಂದಿದ್ದವಳು ಅಂಗಡಿಯ ನಲ್ಲಿಗಳನ್ನೆಲ್ಲ ತಿರುಗಿಸುತ್ತ ನಕ್ಕಳು. ಅವಳಿಗೆ ಕನ್ನಡ, ಕೊಂಕಣಿ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಕೊನೆಗೆ ಒಂದನ್ನು ಆರಿಸಿದೆ. ಮುಂಭಾಗದಲ್ಲಿ ನೀರಿನ ಶಾಖವನ್ನು ಅಂಕಿಯಲ್ಲಿ ತೋರಿಸುವ ಪುಟ್ಟ ಕಿಟಕಿ ಇತ್ತು, ಅದಕ್ಕೇ ಮರುಳಾದೆ. ಐದು ವರ್ಷದ ಗ್ಯಾರಂಟಿ. ನನ್ನ ಇಕಾಮಾಕ್ಕೆ ಒಂದು ವರ್ಷದ ಆಯಸ್ಸು, ನನ್ನ ಬಾಯ್ಲರಿಗೆ ಐದು. ಅಷ್ಟಕ್ಕೆ ಬಿಡದೆ ನಮ್ಮ ಕಂಪನಿಯಲ್ಲೇ ಮನೆಯ ವಿಮೆ ಮಾಡಿಸಿ, ಅದರಲ್ಲಿ ಬಾಯ್ಲರನ್ನು ಹೆಸರು ಹೇಳಿ ಸೇರಿಸಿದೆ.

"ಗ್ಯಾರಂಟಿ ಉಂಟಲ್ಲ, ಮತ್ತೆ ಇನ್ಶೂರೆನ್ಸ್ ಎಂತಕ್ಕೆ?" ಎಂದು ಹಮೀದಾಕ ಕೇಳಿದಾಗ, "ಗ್ಯಾರಂಟಿ ಬಾಯ್ಲರಿಗೆ. ಇನ್ಶೂರೆನ್ಸ್ ನಮಗೆ" ಎಂದು ಗತ್ತಿನಿಂದ ಹೇಳಿದೆ. ಟಾಂಕಿ ಸಿಡಿದರೆ, ಕೆಳಗಿನ ಮನೆಯವರ ಸೀಲಿಂಗ್ ನೆನೆದರೆ, ವಿದ್ಯುತ್ ಹೊಡೆದರೆ, ಎಲ್ಲದಕ್ಕೂ ಒಂದೊಂದು ಸಾಲು ಇತ್ತು. ಬಾಯ್ಲರಿನ ಬಿಸಿನೀರಿನಿಂದ ಮನೆಗೆ ಬಂದ ಅತಿಥಿಗೆ ಸುಟ್ಟ ಗಾಯವಾದರೆ ಚಿಕಿತ್ಸೆಯ ಖರ್ಚು ಎಂಬ ಸಾಲನ್ನು ಸೇರಿಸಿದವನೂ ನಾನೇ. ಸಹೋದ್ಯೋಗಿಗಳು ಆ ಸಾಲನ್ನು ಓದಿ ನಕ್ಕಿದ್ದರು.

ಡಿಸೆಂಬರ್ ಬಂತು, ವೀಸಾ ಬರಲಿಲ್ಲ. ಜನವರಿಯ ಚಳಿಯಲ್ಲಿ ನಾವು ಮೂವರೂ ಆ ಬಾಯ್ಲರಿನ ನೀರು ಮಿಂದೆವು. ಪ್ರತಿದಿನ ಮೀಯುವಾಗಲೂ ಅಮ್ಮನ ನೀರನ್ನು ನಾನು ಕದ್ದು ಖರ್ಚು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಏಪ್ರಿಲಿನಲ್ಲಿ ಸ್ವಿಚ್ ಆರಿಸಿದೆವು. ವೀಸಾ ಬಂದದ್ದು ಜೂನ್ ಕೊನೆಗೆ, ಒಂದೇ ತಿಂಗಳಿನದ್ದು. ಈ ಬಿಸಿಲಿನಲ್ಲಿ ಬೇಡ, ಮುಂದೆ ನೋಡೋಣ ಎಂದು ಗ್ರೇಸಿ ಹೇಳಿದಳು. ಮುಂದೆ ಮತ್ತೆ ನಿಂತರೆ ಎಂದು ನಾನು ಹೆದರಿದೆ. ಅಮ್ಮನಿಗೆ ಆಗ ಎಪ್ಪತ್ತಾರು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಪಾದಗಳಿಗೆ ಸ್ಪರ್ಶ ಕಡಿಮೆಯಾಗಿತ್ತು.

ಎರಡು ವರ್ಷದ ಹಿಂದಿನ ಜುಲೈ ಮೊದಲ ವಾರ, ಬೆಳಗಿನ ವಿಮಾನದಲ್ಲಿ ಅಮ್ಮ ಬಂದಳು. ಗ್ರೇಸಿ ಡ್ಯೂಟಿಯಲ್ಲಿದ್ದಳು. ಆಫೀಸಿನಲ್ಲಿ ಎರಡು ಗಂಟೆ ಬಿಡುವು ಕೇಳಿಕೊಂಡು ನಾನು ಅಮ್ಮನನ್ನು ಮನೆಗೆ ಕರೆತಂದೆ. ಕೈಚೀಲದಲ್ಲಿ ಹಲಸಿನ ಹಪ್ಪಳ, ಕೊಡಿಯಾಲದ ಮೆಣಸಿನ ಪುಡಿ, ಮೊಮ್ಮಗಳಿಗೆಂದು ತಾನೇ ಹೊಲಿದ ಎರಡು ಫ್ರಾಕು. ಶೆರಿಲ್ ಅಷ್ಟೆತ್ತರ ಬೆಳೆದಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಫ್ರಾಕುಗಳನ್ನು ಮತ್ತೆ ಚೀಲಕ್ಕೇ ತುರುಕಿದಳು.

ನಾನು ಅವಳಿಗೆ ಕುಡಿಯಲು ನೀರು ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಸೀದಾ ಬಚ್ಚಲಿಗೆ ಕರೆದುಕೊಂಡು ಹೋದೆ. ಏಣಿ ಹಾಕಿ ಸೀಲಿಂಗಿನ ಹಲಗೆ ಸರಿಸಿ ಬಾಯ್ಲರ್ ತೋರಿಸಿದೆ. ಶಾಖ ತೋರಿಸುವ ಕಿಟಕಿ ತೋರಿಸಿದೆ. ವಿಮೆಯ ಕಾಗದವನ್ನೂ ತಂದು ತೋರಿಸಿದೆ, ಇಂಗ್ಲಿಷ್ ಬಾರದ ಅಮ್ಮ ಅದನ್ನು ತಿರುವಿ ನೋಡಿ, "ಒಳ್ಳೇದಾಯ್ತು ಪುತಾ" ಎಂದಳು. ಆಮೇಲೆ ಕೆಂಪು ನಲ್ಲಿಯ ಮೇಲೆ ಕೈಯಿಟ್ಟು ನಾನು ಹೇಳಿದೆ, "ಇದರ ಹತ್ತಿರ ಮಾತ್ರ ಜಾಗ್ರತೆ ಮಾಂಯ್. ಇದರಲ್ಲಿ ಬರುವುದು ಕುದಿಯುವ ನೀರು."

ಬೇಸಿಗೆಯಲ್ಲಿ ಬಾಯ್ಲರ್ ಆರಿಸಿರುತ್ತೇವೆ, ಕೆಂಪಿನಲ್ಲಿ ಬರುವುದೇ ತಣ್ಣೀರು, ನೀಲಿಯನ್ನು ಮುಟ್ಟಬೇಡ ಎಂಬ ಮುಂದಿನ ಮಾತು ನಾಲಿಗೆಯ ತುದಿಯಲ್ಲೂ ಇರಲಿಲ್ಲ. ಏಕೆಂದರೆ ಆ ಗಳಿಗೆಯಲ್ಲಿ ನಾನು ತೋರಿಸುತ್ತಿದ್ದದ್ದು ಜುಲೈಯ ಬಾಯ್ಲರನ್ನಲ್ಲ. ಡಿಸೆಂಬರಿನದ್ದನ್ನು. ಎಂಟು ತಿಂಗಳಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ ಮಾತನ್ನು ಹಾಗೆಯೇ ಒಪ್ಪಿಸಿಬಿಟ್ಟೆ. ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಮ್ಯಾನೇಜರ್ ಎರಡು ಸಲ ಯಲ್ಲಾ, ಬೇಗ ಬಾ ಎಂದ. ನಾನು ಹೊರಟೆ.

ಮಧ್ಯಾಹ್ನದ ಊಟವಾಗಿ, ಪ್ರಯಾಣದ ಕೊಳೆ ತೆಗೆಯಲೆಂದು ಅಮ್ಮ ಮೀಯಲು ಹೋದಳು. ಮಗ ಹೇಳಿದ ಹಾಗೆ ಕೆಂಪು ನಲ್ಲಿಯ ಸುದ್ದಿಗೆ ಹೋಗಲಿಲ್ಲ. ನೀಲಿ ನಲ್ಲಿ ಬಿಟ್ಟು, ಸ್ಟೂಲಿನ ಮೇಲೆ ಕೂತು, ಊರಿನ ಅಭ್ಯಾಸದಂತೆ ಮೊದಲು ಪಾದಗಳನ್ನು ನೀರಿನ ಕೆಳಗೆ ಇಟ್ಟು ಉಜ್ಜಿಕೊಂಡಳು. ಪಾದಕ್ಕೆ ಏನೂ ತಿಳಿಯಲಿಲ್ಲ. ಆಮೇಲೆ ಒಂದು ಮಗ್ ನೀರನ್ನು ಹೆಗಲಿಗೆ ಹೊಯ್ದುಕೊಂಡಾಗಲೇ ಕೂಗಿಕೊಂಡದ್ದು.

ಇದೆಲ್ಲ ನನಗೆ ಅಂದು ಗೊತ್ತಾಗಲಿಲ್ಲ. ಸಂಜೆ ನಾನು ಬರುವಾಗ ಅಮ್ಮ ಸೋಫಾದ ಮೇಲೆ ಸಾಕ್ಸ್ ಹಾಕಿ ಕುಳಿತಿದ್ದಳು, ಗ್ರೇಸಿಯ ಹೂವಿನ ಚಿತ್ತಾರದ ಸಾಕ್ಸ್. "ನಿಮ್ಮ ಎ.ಸಿ. ಭಾರಿ ಚಳಿ" ಎಂದಳು. ನಾವು ನಕ್ಕೆವು. ಮೂರು ದಿನ ಸಾಕ್ಸ್ ಬಿಚ್ಚಲಿಲ್ಲ. ಶುಕ್ರವಾರ ಪೂಜೆಗೆ ಹೋದೆವು. ಇಲ್ಲಿ ಭಾನುವಾರ ಕೆಲಸದ ದಿನವಾದ್ದರಿಂದ ನಮ್ಮ ಭಾನುವಾರ ಬರುವುದು ಶುಕ್ರವಾರವೇ. ಪ್ರಸಾದಕ್ಕೆ ಎದ್ದು ಸಾಲಿನಲ್ಲಿ ನಿಂತ ಅಮ್ಮ ಬೆಂಚು ಹಿಡಿದು ಹಿಡಿದು ನಡೆಯುವುದನ್ನು ಗ್ರೇಸಿ ನೋಡಿದಳು. ಮನೆಗೆ ಬಂದವಳೇ ಅತ್ತೆಯನ್ನು ಕೂರಿಸಿ ಸಾಕ್ಸ್ ಎಳೆದಳು. ಸಾಕ್ಸಿನ ಜೊತೆ ಚರ್ಮವೂ ಬಂತು.

ಗ್ರೇಸಿ ಗಾಯ ತೊಳೆದಳು. ಆಮೇಲೆ ತಲೆ ಎತ್ತಿ ನನ್ನನ್ನು ಕೇಳಿದಳು, "ನೀವು ಮಾಂಯ್‌ಗೆ ನಲ್ಲಿಯ ವಿಷಯ ಹೇಳ್ಲಿಲ್ವಾ?"

ಓದುಗರೇ, ಇಲ್ಲಿಯವರೆಗೆ ನಾನು ಮಾಡಿದ್ದು ಮರೆವು. ಮರೆವಿಗೆ ಕ್ಷಮೆ ಉಂಟು. ಇನ್ನು ಮುಂದಿನದ್ದಕ್ಕೆ ಇಲ್ಲ.

"ಹೇಳಿದ್ದೆ" ಎಂದೆ.

ಅಷ್ಟು ಸುಲಭವಾಗಿ ಬಂತು ಆ ಮಾತು. ಪಾದದ ಹತ್ತಿರ ಮೊಣಕಾಲೂರಿ ಕುಳಿತ ಹೆಂಡತಿ, ಬಾಗಿಲಲ್ಲಿ ನಿಂತ ಮಗಳು, ಇಪ್ಪತ್ತು ವರ್ಷ ಬೇರೆಯವರ ಅಜಾಗರೂಕತೆಯನ್ನು ಹುಡುಕಿ ಹುಡುಕಿ ಅರ್ಜಿ ತಿರಸ್ಕರಿಸಿದ ನಾನು. ತಪ್ಪು ನನ್ನದೆಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು. ತುಂಬ ಹೊತ್ತೇನೂ ಅಲ್ಲ. ಆಮೇಲೆ ಗ್ರೇಸಿಯ ಕಡೆ ತಿರುಗಿ, "ಹೌದು, ಅವನು ಹೇಳಿದ್ದ. ನನಗೇ ಮರೆತುಹೋಯ್ತು. ವಯಸ್ಸಾಯ್ತಲ್ಲ" ಎಂದಳು.

ನಾನು ಮಾಡಿದ್ದನ್ನು ಪೂರ್ತಿ ಹೇಳಿಬಿಡುತ್ತೇನೆ. ಅಮ್ಮನ ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಗಡಿಬಿಡಿಯಲ್ಲಿ ಏನೋ ಹೇಳಿರಬೇಕು ಎಂದು ಅವಳಿಗೇ ಅನ್ನಿಸಿದೆ, ನಲ್ಲಿಗಳ ಅದಲುಬದಲು ಅವಳಿಗೆ ಅರ್ಥವಾಗಿಲ್ಲ, ಹಾಗಾಗಿ ತಾನೇ ಮರೆತೆ ಎಂದು ನಂಬಿದ್ದಾಳೆ ಎಂದುಕೊಂಡೆ. ಭಾನುವಾರ ಆಫೀಸಿನಲ್ಲಿ ವಿಮೆಯ ಆ ಸಾಲನ್ನು ತೆಗೆದು ಓದಿದೆ. ಬಾಯ್ಲರಿನ ಬಿಸಿನೀರಿನಿಂದ ಎಂದು ಇತ್ತು. ಅಮ್ಮನನ್ನು ಸುಟ್ಟ ನೀರು ಬಾಯ್ಲರಿನದ್ದಲ್ಲ, ಟಾಂಕಿಯದ್ದು. ಅಂಥ ಅರ್ಜಿ ಬಂದಿದ್ದರೆ ನಾನೇ ತಿರಸ್ಕರಿಸುತ್ತಿದ್ದೆ.

ಒಂದು ತಿಂಗಳಲ್ಲಿ ಅಮ್ಮ ಕುವೈತಿನಲ್ಲಿ ಕಂಡದ್ದು ಚರ್ಚು, ಗ್ರೇಸಿಯ ಆಸ್ಪತ್ರೆ, ನಮ್ಮ ಸೋಫಾ. ಸಮುದ್ರ ತೋರಿಸಲು ಕಾರಿನಲ್ಲಿ ಒಂದು ಸಲ ಕರೆದೊಯ್ದೆ, ಅವಳು ಕಿಟಕಿಯಿಂದಲೇ ನೋಡಿದಳು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯ ಮೇಲೆ ಕೂತವಳ ಹತ್ತಿರ ಬಗ್ಗಿ, ಹೇಳಿಬಿಡಬೇಕೆಂದು, "ಮಾಂಯ್" ಎಂದೆ. ಅವಳು ನನ್ನ ಕೆನ್ನೆ ಸವರಿ, "ಬಾಯ್ಲರ್ ಒಳ್ಳೇದುಂಟು ಪುತಾ, ಚಳಿಗಾಲದಲ್ಲಿ ಇನ್ನೊಮ್ಮೆ ಬರ್ತೇನೆ" ಎಂದಳು. ಕುರ್ಚಿ ತಳ್ಳುವವನು ಅವಸರ ಮಾಡಿದ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ.

ಮುಂದಿನ ಸಲ ಬರಲಿಲ್ಲ. ಮಂಗಳೂರಿನಲ್ಲಿ ಅವಳ ಕಾಲಿನ ಒಂದು ಕಿರುಬೆರಳನ್ನು ತೆಗೆದರು, ಆಮೇಲೆ ಗಾಯ ಒಣಗಿತು. ವಿಲ್ಲಿ ಫೋನಿನಲ್ಲಿ, "ಮಾಂಯ್‌ಗೆ ಈಗ ಮರೆವು ಅಲ್ವಾ, ನೀನು ಹೇಳಿಕೊಟ್ಟದ್ದನ್ನೇ ಮರೆತು ಸುಟ್ಕೊಂಡದ್ದಂತೆ. ನಾವು ಇಲ್ಲಿ ಜಾಗ್ರತೆ ನೋಡ್ಕೊಳ್ತೇವೆ" ಎಂದ. ನಾನು ಹೂಂ ಎಂದೆ. ಈ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಒಂದು ಬೆಳಿಗ್ಗೆ ಹೃದಯ ನಿಂತು ಅಮ್ಮ ಹೋದಳು. ನಾನು ಮಣ್ಣು ಮಾಡುವ ಹೊತ್ತಿಗೆ ಹೋಗಿ ಮುಟ್ಟಿದೆ. ಅಲ್ಲಿ ನೆಂಟರು ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದು, "ಪಾಪ, ಕೊನೆಗೆ ಮರೆವು ಬಂದಿತ್ತಂತಲ್ಲ" ಎಂದರು. ಎಲ್ಲರಿಗೂ ಹೂಂ ಎಂದೆ. ಅಲ್ಲಿಂದ ಮರಳಿದ ಮೇಲೆಯೇ ಮನೆಗೆ ಬಂದವರಿಗೆ ಬಚ್ಚಲು ತೋರಿಸುವ ನನ್ನ ಈ ಹುಚ್ಚು ಶುರುವಾದದ್ದು. ತೋರಿಸಿದ ಮೇಲೆ ಬಂದವರು ಯಾಕೆಂದು ಕೇಳುತ್ತಾರೆ. ಆಗ ನಾನು, "ನಮ್ಮಮ್ಮನಿಗೆ ಎಷ್ಟು ಸಲ ಹೇಳಿದ್ದೆ, ಆದರೂ ಮರೆತು ಸುಟ್ಟುಕೊಂಡರು ನೋಡಿ" ಎನ್ನುತ್ತೇನೆ. ಎಷ್ಟು ಸಲ ಎಂಬುದು ಇತ್ತೀಚೆಗೆ ಸೇರಿಕೊಂಡದ್ದು.

ಹೋದ ಗುರುವಾರವೂ ಹಾಗೆಯೇ ಆಯಿತು. ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಹೆಂಡತಿಯನ್ನು ಕರೆದುಕೊಂಡು ಚಹಾಕ್ಕೆ ಬಂದಿದ್ದ. ಬಚ್ಚಲು ತೋರಿಸಿದೆ, ಕಥೆ ಹೇಳಿದೆ. ಶೆರಿಲ್ ಬಿಸ್ಕತ್ತಿನ ತಟ್ಟೆಯನ್ನು ಟೀಪಾಯಿಯ ಮೇಲೆ ಕುಕ್ಕಿ ಎದ್ದು ಹೋದಳು. ಹದಿಮೂರರ ಹುಡುಗಿಯರು ಯಾವುದಕ್ಕೆ ಎದ್ದು ಹೋಗುತ್ತಾರೋ ಯಾರಿಗೆ ಗೊತ್ತು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮರುದಿನ ಶುಕ್ರವಾರ. ಗ್ರೇಸಿಗೆ ಡ್ಯೂಟಿ ಇತ್ತು, ನಾವಿಬ್ಬರೇ ಪೂಜೆ ಮುಗಿಸಿ ಬಂದು ಕಾರಿನಲ್ಲಿ ಕೂತಿದ್ದೆವು. ಎ.ಸಿ.ಯಿಂದ ಒಳಗೆ ತಣ್ಣಗಾಗಲೆಂದು ಕಾಯುತ್ತಿದ್ದೆ. ಶೆರಿಲ್ ಮುಂದೆ ನೋಡುತ್ತಲೇ ಹೇಳಿದಳು, ಅವಳ ಇಂಗ್ಲಿಷಿನಲ್ಲಿ, "ಪಪ್ಪಾ, ನೀವು ಗ್ರ್ಯಾನಿಗೆ ಹೇಳಲೇ ಇಲ್ಲ. ನಾನು ಅಲ್ಲೇ ಇದ್ದೆ. ನೀವು ಏಣಿ ಹಿಡಿಯಲು ನನ್ನನ್ನೇ ಕರೆದದ್ದು. ಕೆಂಪು ನಲ್ಲಿಯ ವಿಷಯ ಮಾತ್ರ ಹೇಳಿದಿರಿ."

"ಗ್ರ್ಯಾನಿಗೆ ಗೊತ್ತಿರಲಿಲ್ಲ ಮಗಾ, ಅವರಿಗೆ ಗೊಂದಲವಾಗಿ..." ಎಂದು ಏನೋ ಶುರು ಮಾಡಿದೆ.

"ಗೊತ್ತಿತ್ತು," ಎಂದಳು. "ಅವರು ಕೂಗಿದಾಗ ನಾನೇ ಓಡಿಹೋದದ್ದು. ಬೇಸಿಗೆಯಲ್ಲಿ ನೀಲಿ ಬಿಸಿ ಎಂದು ನಾನೇ ಹೇಳಿದೆ. ಪಪ್ಪ ಹೇಳಲು ಮರೆತರು ಎಂದೂ ಹೇಳಿದೆ. ಯಾರಿಗೂ ಹೇಳಬಾರದು ಅಂತ ನನ್ನಿಂದ ಪ್ರಾಮಿಸ್ ತೆಗೆದುಕೊಂಡರು." ಅಷ್ಟು ಹೇಳಿ, ಅಮ್ಮನ ಮಾತನ್ನು ಮಾತ್ರ ಕೊಂಕಣಿಯಲ್ಲೇ ಹೇಳಿದಳು. ಅವಳ ಬಾಯಲ್ಲಿ ನಾನು ಅಷ್ಟು ಉದ್ದದ ಕೊಂಕಣಿಯನ್ನು ಕೇಳಿದ್ದು ಅದೇ ಮೊದಲು. "ನಿನ್ನ ಪಪ್ಪ ಆ ಡಬ್ಬ ತೋರಿಸುವಾಗ ಎಷ್ಟು ಖುಷಿಯಲ್ಲಿದ್ದ ನೋಡಿದಿಯಲ್ಲ ಮಗಾ, ಅವನಿಗೆ ಗೊತ್ತಾಗುವುದು ಬೇಡ." ಆಮೇಲೆ ಮತ್ತೆ ಇಂಗ್ಲಿಷಿಗೆ ಬಂದು, "ಆದರೆ ನೀವು ಎಲ್ಲರಿಗೂ ಅವರದೇ ತಪ್ಪು ಅಂತ ಹೇಳ್ತಾ ಇದ್ದೀರಿ. ನನಗೆ ಇನ್ನು ಕೇಳಲಿಕ್ಕೆ ಆಗುವುದಿಲ್ಲ" ಎಂದಳು. ಅಳುತ್ತಿದ್ದಳು.

ಹನ್ನೊಂದನೇ ವಯಸ್ಸಿನಿಂದ ಈ ಹುಡುಗಿ ನನ್ನ ಸುಳ್ಳನ್ನು ಹೊತ್ತು ನನ್ನ ಜೊತೆ ಊಟ ಮಾಡಿದ್ದಾಳೆ, ಶಾಲೆಗೆ ಹೋಗಿದ್ದಾಳೆ, ಬಂದವರೆದುರು ತಟ್ಟೆ ಹಿಡಿದು ನಿಂತಿದ್ದಾಳೆ. ಸಾಕ್ಸ್ ಬಿಚ್ಚಿದ ದಿನ ಬಾಗಿಲಲ್ಲಿ ನಿಂತು ನಾನು ಹೇಳಿದ್ದೆ ಎಂದದ್ದನ್ನು ಕೇಳಿದ್ದಾಳೆ. ಅಮ್ಮನೂ ಅವಳೂ ಇಬ್ಬರೂ ನನ್ನನ್ನು ನೋಡಿದ್ದರು. ನನಗೆ ನಾಚಿಕೆಯಾಯಿತು. ನಾಚಿಕೆ ಎಂಬ ಶಬ್ದ ಸಣ್ಣದಾಯಿತು, ಆದರೆ ಬೇರೆ ಶಬ್ದ ನನ್ನಲ್ಲಿಲ್ಲ.

"ನೀನು ಹೇಳಿದ್ದು ನಿಜ," ಎಂದೆ ಮಗಳಿಗೆ. "ನಾನು ಗ್ರ್ಯಾನಿಗೆ ಹೇಳಲಿಲ್ಲ. ಆಮೇಲೆ ಸುಳ್ಳೂ ಹೇಳಿದೆ." ಸಂಜೆ ಗ್ರೇಸಿಗೂ ಹೇಳುತ್ತೇನೆ ಎಂದೆ. ಅದಕ್ಕೆ ಮೊದಲು ಅಲ್ಲೇ, ಕಾರಿನಲ್ಲೇ, ಅವಳೆದುರೇ ವಿಲ್ಲಿಗೆ ಫೋನು ಮಾಡಿದೆ. ಅಮ್ಮನಿಗೆ ಮರೆವು ಇದೆ ಎಂಬ ಮಾತು ಹೋದದ್ದು ನನ್ನಿಂದ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದವನೂ ನಾನೇ.

ಒಂದೇ ಉಸಿರಿಗೆ ಹೇಳಿದೆ. ನಾನು ನಲ್ಲಿಯ ವಿಷಯ ಹೇಳಿಯೇ ಇರಲಿಲ್ಲ, ಮಾಂಯ್ ಏನನ್ನೂ ಮರೆತಿರಲಿಲ್ಲ, ನನ್ನ ಮಾನ ಉಳಿಸಲು ಹಾಗೆ ಹೇಳಿದಳು.

"ಅಣ್ಣಾ," ಎಂದ ವಿಲ್ಲಿ. "ಹೋದ ವರ್ಷ ರೇಶ್ಮಾ ಹೆರಿಗೆಗೆ ಬಂದಿದ್ದಳಲ್ಲ."

ರೇಶ್ಮಾ ಅವನ ಮಗಳು. ನಾನು ಹೌದು ಎಂದೆ.

"ಮಗುವನ್ನು ನಾನು ಮೀಯಿಸ್ತೇನೆ ಅಂತ ಮಾಂಯ್ ದಿನಾ ಕೇಳ್ತಿದ್ಲು. ಈ ಸುತ್ತಿನ ಮಕ್ಕಳನ್ನೆಲ್ಲ ಮೀಯಿಸಿದವಳು ಅವಳು. ರೇಶ್ಮಾಳನ್ನೂ ಮೀಯಿಸಿದವಳು ಅವಳೇ. ನಾವು ಬಿಡ್ಲಿಲ್ಲ. ಮರೆತು ಬಿಸಿನೀರು ಹೊಯ್ದರೆ ಅಂತ ಹೆದರಿದೆವು. ಬೇರೆ ಹೆಂಗಸನ್ನು ಕರೆಸಿದೆವು. ಮಾಂಯ್ ಬಾಗಿಲ ಹತ್ತಿರ ಸ್ಟೂಲ್ ಹಾಕಿ ಕೂತು ನೋಡ್ತಿದ್ಲು, ನಲವತ್ತು ದಿನವೂ."

"ಅವಳು ಎಂತ ಹೇಳ್ಲಿಲ್ವಾ ವಿಲ್ಲಿ?"

"ಹೇಳಿದ್ಲು," ಎಂದ. "ನೀವು ಹೇಳುವುದು ಸರಿ, ನನಗೆ ಮರೆವು ಹೌದು ಅಂತ ಹೇಳಿದ್ಲು."

ಅಷ್ಟು ಹೇಳಿ ವಿಲ್ಲಿ ಫೋನ್ ಇಟ್ಟ.